ಮಡಿಸಿದ ಅಂಚು

ಅಜ್ಜನ ನಿಲುವಂಗಿ ನನ್ನ ಪೆಟ್ಟಿಗೆಯಲ್ಲಿದೆ.
ಕಪ್ಪು ಉಣ್ಣೆ. ಕಾಲರಿನ ಒಳಗೆ
ಫಿನ್ಲೆಂಡಿನ ಯಾವನೋ ದರ್ಜಿಯ ಹೆಸರು,
ಕೆಂಪು ದಾರದ್ದು, ಅರ್ಧ ಬಿಚ್ಚಿಹೋಗಿದೆ.
ಉಣ್ಣೆ! ಒಂಡೊಂಗದ ನವೆಂಬರಿನಲ್ಲಿ!
ಕತ್ತೆಗಳು ಕೂಡ ನೆರಳು ಬಿಟ್ಟು ಕದಲದ ಹಗಲಿನಲ್ಲಿ!

ಆರಡಿಯ ಮಿಷನರಿಯೊಬ್ಬನ ಅಳತೆಗೆ ಹೊಲಿದದ್ದು.
ಚಳಿಜ್ವರ ಅವನನ್ನು ಒಯ್ದಿತು, ಅಂಗಿ ಉಳಿಯಿತು.
ಹಿಸ್ಕಿಯ ನಂಬಾಹು ಪಾದ್ರಿಯಾಗುವ ದಿನ
ಅದನ್ನೇ ತೊಡಿಸುವುದೆಂದಾಯಿತು.
ಅಜ್ಜ ಗಿಡ್ಡ.
ಹಿಂದಿನ ರಾತ್ರಿ ದೀಪದೆದುರು ಅಜ್ಜಿ ರೌಹ
ಒಂದು ಮೊಳ ಬಟ್ಟೆ ಒಳಕ್ಕೆ ಮಡಿಸಿ ಹೊಲಿದಳು.
ಕತ್ತರಿಸಿಬಿಡು, ಎಂದರಂತೆ.
ಇರಲಿ, ಬೆಳೆದರೂ ಬೆಳೆದೀರಿ, ಎಂದಳಂತೆ.

ದನ ಕಾಯುತ್ತಿದ್ದ ಹುಡುಗ ಅವರು.
ಹದಿನಾರಕ್ಕೆ ಸೋದರಮಾವನ ಹಿಂದೆ
ಉಪ್ಪಿನ ಬಯಲಿಗೆ ನಡೆದರು, ಬರಿಗಾಲಲ್ಲಿ.
ದಾರಿಯಲ್ಲಿ ಶಿಳ್ಳೆ ಹಾಕಬಾರದು, ಮನೆಯವರ ಹೆಸರೆತ್ತಬಾರದು.
ನಸುಕಿನಲ್ಲಿ ಕಣ್ಣು ತೆರೆದರೆ
ನೆಲ ಆಕಾಶ ಎರಡಕ್ಕೂ ಒಂದೇ ಬಿಳಿ.
ಅದನ್ನು ಕಂಡು ಬಂದವನು ಗಂಡಸು.

ಅಲ್ಲಿ ಆಸ್ತಿ ಇಳಿಯುವುದು ಮಾವನಿಂದ ಅಳಿಯನಿಗೆ.
ಹಿಸ್ಕಿಯನ ತಲೆಗೆ ನೀರು ಬಿದ್ದ ಸಂಜೆ
ಮಾವ ಹನ್ನೊಂದು ಹಸುಗಳನ್ನು
ಇನ್ನೊಬ್ಬ ಅಳಿಯನ ಕೊಟ್ಟಿಗೆಗೆ ಹೊಡೆದ.
ಅಜ್ಜ ದೂರದಲ್ಲಿ ನಿಂತು ಎಣಿಸಿದರು.
ಬೈಯಲಿಲ್ಲ. ಒಂದೊಂದರ ಹೆಸರೂ
ಸಾಯುವವರೆಗೆ ಬಾಯಲ್ಲಿತ್ತು.

ಆಮೇಲೆ ಮಿಷನ್ ಮನೆಯ ಮೇಜು, ಅನುವಾದ.
ಒಂದು ಪ್ರಾರ್ಥನೆಯಲ್ಲಿ ಹಿಮ ಬಂತು.
ಪಾಪ ತೊಳೆದುಹೋದವನು ಅದಕ್ಕಿಂತ ಬೆಳ್ಳಗಂತೆ.
ಹಿಮ ಅಂದರೆ? ಎಂದರು ಅಜ್ಜ.
ಗುರುಗಳು ಕಿಟಕಿಯಾಚೆ ನೋಡಿದರು:
ಮರಳು, ಬೇಲಿ, ಒಂದು ಕೋಳಿ.
ಮೇಲಿಂದ ಬೀಳುತ್ತದೆ, ಎಂದರು. ಸದ್ದಿಲ್ಲ.
ಅಂಗೈಯಲ್ಲಿ ಹಿಡಿದರೆ ಇರುವುದಿಲ್ಲ.
ಇರದ ಬಿಳುಪನ್ನು ಜನಕ್ಕೆ ಹೇಗೆ ಕೊಡಲಿ?
ಅಜ್ಜ ಬರೆದರು: ಉಪ್ಪು.

ಅಚ್ಚಾಗಿ ಬಂದ ಪುಸ್ತಕದಲ್ಲಿ ಉಪ್ಪು ಇರಲಿಲ್ಲ.
ಯಾರೂ ಕಾಣದ ಹಿಮ ತನ್ನ ಪರದೇಶಿ ಹೆಸರಲ್ಲೇ
ಸಾಲಿನ ನಡುವೆ ಕೂತಿತ್ತು.
ಪುಸ್ತಕ ಕಣ್ಣೆದುರು ಹಿಡಿದೇ
ಮೂವತ್ತು ವರ್ಷ ಅಜ್ಜ ಓದಿದ್ದು ಉಪ್ಪು ಎಂದು.
(ಹೆಲ್ಸಿಂಕಿಯಲ್ಲೊಮ್ಮೆ, ಬಸ್ಸಿಗೆ ಕಾಯುತ್ತ,
ಒಂದು ಚಿಟಿಕೆ ನಾಲಿಗೆಗಿಟ್ಟು ನೋಡಿದೆ.
ಸಪ್ಪೆ.)

ಮಳೆ ತಪ್ಪಿದ ಆ ವರ್ಷ
ಸಜ್ಜೆಯ ಕಣಜಗಳ ತಳ ಕೆರೆಯುವ ಸದ್ದು
ಮನೆಯಿಂದ ಮನೆಗೆ ಕೇಳುತ್ತಿತ್ತಂತೆ.
ಗಂಡಸರು ತಾಮ್ರದ ಗಣಿಗೆ ಹೋಗಿದ್ದರು.
ಹೆಂಗಸರು ತಾಳೆಯ ಕಾಂಡ ಸೀಳಿ ಕುಟ್ಟಿ ತಿಂದರು.
ಗಡಿಯಾಚೆಯಿಂದ ನಡೆದುಬಂದ ಒಬ್ಬಳು
ಚರ್ಚಿನ ಮೆಟ್ಟಿಲಲ್ಲಿ ಕೂತಿದ್ದಳು, ಮಡಿಲಲ್ಲಿ ಕೂಸು.
ಕೂಸು ಸತ್ತಿದೆ ಎಂದು ಅವಳಿಗೆ ಯಾರು ಹೇಳಬೇಕು?
ಅವಳಿಗೆ ಗೊತ್ತಿತ್ತು. ಬಟ್ಟೆ ಕೇಳಲು ಬಂದಿದ್ದಳು.

ಉಗ್ರಾಣದ ಬಟ್ಟೆಯೆಲ್ಲ ಕಾಳಾಗಿ ಕರಗಿತ್ತು.
ಅಜ್ಜಿ ಕತ್ತರಿ ತಂದಳು.
ಅಂಗಿ ಮೈಮೇಲಿದ್ದಂತೆಯೇ ಮಂಡಿಯೂರಿ
ತಾನೇ ಹಾಕಿದ ಹೊಲಿಗೆ ತಾನೇ ಬಿಚ್ಚಿದಳು.
ಅವಳು ಕತ್ತರಿಸುತ್ತ ಬಂದ ಹಾಗೆ
ಅಜ್ಜ ನಿಂತಲ್ಲೇ ಸುತ್ತು ತಿರುಗಿದರು, ನಿಧಾನ,
ಹಬ್ಬಕ್ಕೆ ಅಳತೆ ಕೊಡುವ ಹುಡುಗನಂತೆ.

ಚಳಿದೇಶದ ಉಣ್ಣೆ ಕೊನೆಗೂ
ತಣ್ಣಗಾದ ಒಂದು ಮೈಯನ್ನು ಕಂಡಿತು.

ಮರುವರ್ಷ ತಪಾಸಣೆಗೆ ಬಂದವರು ಬರೆದಿದ್ದಾರೆ:
'ದೇಶೀಯ ಪಾದ್ರಿ ನಂಬಾಹುವಿನ ನಿಲುವಂಗಿಗೆ
ಅಂಚಿಲ್ಲ, ಎಳೆ ಜೋತಾಡುತ್ತಿದೆ.
ಉಡುಪಿನಲ್ಲಿ ಶಿಸ್ತು ಸಾಲದು.'
ಅಜ್ಜ ಉತ್ತರ ಬರೆಯಲಿಲ್ಲ.
ಹೊಲಿದುಕೊಡುತ್ತೇನೆ ಎಂದ ಅಜ್ಜಿಗೂ
ಬೇಡ ಎಂದರಂತೆ.

ಸಾವಿನ ಪುಸ್ತಕ ತೆರೆದು ಹುಡುಕಿದೆ.
ಅಜ್ಜನ ದುಂಡನೆಯ ಅಕ್ಷರ, ಶಾಯಿ ಕಂದಿದೆ.
ಹೆಸರಿನ ಜಾಗ ಖಾಲಿ.
ಹೆಣ್ಣು. ಎಂಟು ತಿಂಗಳಿರಬಹುದು.
ಅದರ ಕೆಳಗೆ, ಲೆಕ್ಕ ಒಪ್ಪಿಸುವವರ ಹಾಗೆ:
ಕಪ್ಪು ಬಟ್ಟೆ, ಒಂದು ಮೊಳ.